ನಿರ್ಧಾರವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ನೋಡಿ

(ಕಾಲೇಜು ಅಧ್ಯಾಪಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಕೆಲವರು ಮೊದಲೇ ಒಂದು ಪ್ರಶ್ನೆ ಕಳಿಸಿದ್ದಿರಿ. ವಿದ್ಯಾರ್ಥಿಗಳಲ್ಲಿ ನಾಯಕತ್ವ ಬೆಳೆಯಬೇಕು, ಅವರು ಸುತ್ತಲಿನ ಜನರ ಜೊತೆ ಸೇರಿ ಕೆಲಸ ಮಾಡುವಂತಾಗಬೇಕು, ಅದಕ್ಕೆ ಯಾವ ತರಬೇತಿ ಇಟ್ಟರೆ ಒಳ್ಳೆಯದು ಅಂತ. ತರಬೇತಿಯ ಮಾತು ಆಮೇಲೆ ಇಟ್ಟುಕೊಳ್ಳೋಣ. ಅದಕ್ಕೂ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಕಾಲೇಜಿನಲ್ಲಿ ಈ ವರ್ಷ ವಿದ್ಯಾರ್ಥಿಗಳು ತಾವೇ ತೀರ್ಮಾನ ಮಾಡಿದ್ದು ಏನೇನು ಅಂತ ಬರೆಯಿರಿ. ನಾವು ಹೇಳಿ ಅವರು ಹೂಂ ಅಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಹಳ ಕಡೆ ಆ ಹಾಳೆ ಖಾಲಿಯೇ ಉಳಿಯುತ್ತದೆ. ಕಾರ್ಯಕ್ರಮದ ದಿನಾಂಕ ನಾವು ಗೊತ್ತು ಮಾಡುತ್ತೇವೆ. ಅತಿಥಿಗಳನ್ನು ನಾವು ಕರೆಯುತ್ತೇವೆ. ಹಣ ನಮ್ಮ ಸಹಿಯ ಮೇಲೆ ಹೋಗುತ್ತದೆ. ವಿದ್ಯಾರ್ಥಿಗಳಿಗೆ ಉಳಿಯುವುದು ನಿರೂಪಣೆ, ವಂದನಾರ್ಪಣೆ, ಕುರ್ಚಿ ಜೋಡಿಸುವುದು, ಬ್ಯಾನರ್ ಕಟ್ಟುವುದು. ಇವೂ ಕೆಲಸಗಳೇ, ಬೇಕಾದವೇ. ಆದರೆ ಇಷ್ಟನ್ನೇ ಮೂರು ವರ್ಷ ಮಾಡಿದ ಹುಡುಗಿ ಹೊರಗೆ ಹೋದ ಮೇಲೆ ನಾಲ್ಕು ಜನರ ನಡುವೆ ಒಂದು ಕಷ್ಟದ ತೀರ್ಮಾನ ತೆಗೆದುಕೊಳ್ಳಬೇಕಾದಾಗ, ಅದರ ಅಭ್ಯಾಸ ಅವಳಿಗೆ ಎಲ್ಲಿ ಆಗಿರುತ್ತದೆ ಹೇಳಿ?

ರೋಜರ್ ಹಾರ್ಟ್ ಅಂತ ಒಬ್ಬ ವಿದ್ವಾಂಸರು. 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಒಂದು ಪ್ರಬಂಧದಲ್ಲಿ ಅವರು ಎಂಟು ಮೆಟ್ಟಿಲಿನ ಒಂದು ಏಣಿ ಬರೆದರು. ದೊಡ್ಡವರು ನಡೆಸುವ ಕೆಲಸಗಳಲ್ಲಿ ಮಕ್ಕಳು ಎಷ್ಟರ ಮಟ್ಟಿಗೆ ನಿಜವಾಗಿ ಭಾಗವಹಿಸುತ್ತಾರೆ ಅಂತ ಅಳೆಯುವ ಏಣಿ ಅದು. ಶೆರ್ರಿ ಅರ್ನ್‌ಸ್ಟೀನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆ ಬಗ್ಗೆ ಇಂಥದ್ದೇ ಏಣಿ ಬರೆದಿದ್ದರು, ಹಾರ್ಟ್ ಅದನ್ನೇ ಮಾದರಿಯಾಗಿ ಇಟ್ಟುಕೊಂಡರು. ಹಾರ್ಟ್ ಏಣಿಯ ಕೆಳಗಿನ ಮೂರು ಮೆಟ್ಟಿಲು ನೋಡಿ. ಮಕ್ಕಳನ್ನು ದೊಡ್ಡವರು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು. ಈ ಮೂರನ್ನೂ ಅವರು ಪಾಲ್ಗೊಳ್ಳುವಿಕೆ ಅಂತ ಒಪ್ಪುವುದೇ ಇಲ್ಲ.

ಇದು ಮಕ್ಕಳನ್ನು ಕುರಿತ ಮಾತು. ನಮ್ಮ ಮುಂದೆ ಕೂರುವವರು ಓಟು ಹಾಕುವ ವಯಸ್ಸಿನವರು. ಆದರೂ ನಮ್ಮ ಎಷ್ಟೋ ಕಾರ್ಯಕ್ರಮಗಳು ಆ ಕೆಳಗಿನ ಮೂರು ಮೆಟ್ಟಿಲಲ್ಲೇ ನಿಂತಿವೆ. ಜಾಥಾದಲ್ಲಿ ವಿದ್ಯಾರ್ಥಿ ಹಿಡಿದ ಫಲಕದ ಮೇಲಿನ ಸಾಲು ಯಾರು ಬರೆದದ್ದು? ಆ ಜಾಥಾ ಬೇಕು ಅಂತ ಯಾರು ಹೇಳಿದ್ದು? ಈ ಎರಡು ಪ್ರಶ್ನೆ ಕೇಳಿಕೊಂಡರೆ ನಾವು ಯಾವ ಮೆಟ್ಟಿಲ ಮೇಲಿದ್ದೇವೆ ಅಂತ ಗೊತ್ತಾಗುತ್ತದೆ. ಇನ್ನೊಂದು ವಿಷಯ ಗಮನಿಸಿ. ಹಾರ್ಟ್ ಅವರ ಎಂಟನೇ ಮೆಟ್ಟಿಲು ದೊಡ್ಡವರನ್ನು ಹೊರಗೆ ಕಳಿಸುವ ಮೆಟ್ಟಿಲೇನಲ್ಲ. ಕೆಲಸವನ್ನು ಚಿಕ್ಕವರು ಶುರು ಮಾಡುತ್ತಾರೆ, ತೀರ್ಮಾನಗಳನ್ನು ದೊಡ್ಡವರ ಜೊತೆ ಹಂಚಿಕೊಳ್ಳುತ್ತಾರೆ. ಅಂದರೆ ನಮಗೂ ಅಲ್ಲಿ ಕೆಲಸ ಇದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ವಿದ್ಯಾರ್ಥಿಗಳ ಕೈಗೆ ಅಧಿಕಾರ ಅಂದ ಕೂಡಲೇ ಇದು ಹೊಸ ಕಾಲದ ಮಾತು ಅನ್ನುವವರು ಜಾಸ್ತಿ. ಇಟಲಿಯ ಬೊಲೊನ್ಯಾ ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯ. ಮಧ್ಯಯುಗದಲ್ಲಿ ಅಲ್ಲಿಗೆ ಕಾನೂನು ಓದಲು ದೂರದ ದೇಶಗಳಿಂದ ಬಂದವರಿಗೆ ಆ ನಗರದಲ್ಲಿ ಹಕ್ಕುಗಳಿರಲಿಲ್ಲ. ತಮ್ಮ ರಕ್ಷಣೆಗೆ ಅವರು ಸಂಘ ಕಟ್ಟಿಕೊಂಡರು. ವಿಶ್ವವಿದ್ಯಾಲಯದ ಮುಖ್ಯಸ್ಥನನ್ನು, ಅಂದರೆ ರೆಕ್ಟರನನ್ನು, ತಮ್ಮೊಳಗಿಂದಲೇ ಆರಿಸುತ್ತಿದ್ದರು. ಪ್ರಾಧ್ಯಾಪಕರು ಆ ವಿದ್ಯಾರ್ಥಿ ರೆಕ್ಟರನ ಮಾತಿಗೆ ಬದ್ಧರಾಗಿರುತ್ತೇವೆ ಅಂತ ಪ್ರಮಾಣ ಮಾಡಬೇಕಿತ್ತು. ಪಾಠ ತಡವಾಗಿ ಶುರು ಮಾಡಿದರೆ ಮೇಷ್ಟ್ರಿಗೆ ದಂಡ. ಊರು ಬಿಟ್ಟು ಹೋಗಬೇಕಾದರೆ ವಿದ್ಯಾರ್ಥಿಗಳ ಅನುಮತಿ ಬೇಕು. ಆ ಪದ್ಧತಿ ಮತ್ತೆ ಬರಲಿ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಇಡೀ ವಿಶ್ವವಿದ್ಯಾಲಯವನ್ನು ನಡೆಸಿದವರು ವಿದ್ಯಾರ್ಥಿಗಳು. ಇವತ್ತಿನ ವಿದ್ಯಾರ್ಥಿಗಳಿಗೆ ಒಂದು ಸಮಾರಂಭದ ಲೆಕ್ಕ ಇಡುವುದು ಆಗುವುದಿಲ್ಲ ಅನ್ನುವುದಕ್ಕೆ ನಮ್ಮ ಹತ್ತಿರ ಏನು ಆಧಾರ ಇದೆ?

1918ರಲ್ಲಿ ಅರ್ಜೆಂಟೀನಾದ ಕೊರ್ಡೊಬಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ದೊಡ್ಡ ಚಳವಳಿ ನಡೆಸಿದರು. ಆಡಳಿತದಲ್ಲಿ ತಮಗೂ ಪಾಲು ಬೇಕು ಅಂದರು. ಆ ಚಳವಳಿ ಲ್ಯಾಟಿನ್ ಅಮೆರಿಕದ ಬೇರೆ ದೇಶಗಳಿಗೂ ಹಬ್ಬಿತು. ಅದರಿಂದ ಬೆಳೆದ ಸುಧಾರಣೆಯಲ್ಲಿ ಇನ್ನೊಂದು ಬೇಡಿಕೆಯೂ ಸೇರಿತ್ತು. ವಿಶ್ವವಿದ್ಯಾಲಯ ತನ್ನ ಗೋಡೆಯಿಂದ ಹೊರಗೆ ಬಂದು ಸಮಾಜದ ಜೊತೆ ಕೆಲಸ ಮಾಡಬೇಕು ಅನ್ನುವುದು. ಆಡಳಿತದಲ್ಲಿ ಪಾಲು, ಸಮಾಜದ ಜೊತೆ ಕೆಲಸ, ಎರಡೂ ಒಟ್ಟೊಟ್ಟಿಗೆ ಬಂದವು. ನಾವು ಮಾತ್ರ ನಾಯಕತ್ವಕ್ಕೆ ಒಂದು ಸಮಿತಿ, ಸಮಾಜ ಸೇವೆಗೆ ಇನ್ನೊಂದು ಸಮಿತಿ ಮಾಡಿ ಬೇರೆ ಬೇರೆ ಫೈಲಿನಲ್ಲಿ ಇಟ್ಟಿದ್ದೇವೆ.

ಈಗ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1960ರ ಫೆಬ್ರವರಿ 1. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬೊರೊ ಊರು. ಮೊದಲ ವರ್ಷದ ನಾಲ್ವರು ಕಪ್ಪು ವಿದ್ಯಾರ್ಥಿಗಳು ಒಂದು ಅಂಗಡಿಯ ಊಟದ ಕೌಂಟರಿನಲ್ಲಿ ಹೋಗಿ ಕೂತರು. ಅದು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಜಾಗ. ಏಳಿ ಅಂದರೂ ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು, ಅದರ ಮರುದಿನ ಇನ್ನೂ ಹೆಚ್ಚು. ಕೆಲವೇ ವಾರಗಳಲ್ಲಿ ಎಷ್ಟೋ ಊರುಗಳ ಕಾಲೇಜು ವಿದ್ಯಾರ್ಥಿಗಳು ಹೀಗೇ ಕೂರತೊಡಗಿದರು.

ಆಗ ಎಲಾ ಬೇಕರ್ ಅನ್ನುವ ಹಿರಿಯ ಕಾರ್ಯಕರ್ತೆ ಏಪ್ರಿಲಿನಲ್ಲಿ ಶಾ ವಿಶ್ವವಿದ್ಯಾಲಯದಲ್ಲಿ ಈ ವಿದ್ಯಾರ್ಥಿಗಳ ಸಭೆ ಕರೆದರು. ಅದು ಅವರು ಓದಿದ ಕಾಲೇಜೇ. ಅವರಿಗಾಗ 56 ವರ್ಷ. ಸಂಘಟನೆ ಕಟ್ಟುವುದರಲ್ಲಿ ಬಹಳ ವರ್ಷಗಳ ಅನುಭವ. ಹಿರಿಯರ ಸಂಘಟನೆಗಳಿಗೆ ಈ ಹುಡುಗರು ತಮ್ಮ ಯುವ ಘಟಕ ಆಗಲಿ ಅನ್ನುವ ಆಸೆ ಇತ್ತು. ಬೇಕರ್ ಅದಕ್ಕೆ ಒಪ್ಪಲಿಲ್ಲ. ನಿಮ್ಮ ಸಂಘಟನೆ ನಿಮ್ಮದೇ ಆಗಿರಲಿ ಅಂತ ವಿದ್ಯಾರ್ಥಿಗಳ ಪರ ನಿಂತರು. ಹಾಗೆ ಹುಟ್ಟಿದ್ದು ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿ. ಬೇಕರ್ ಅದರ ಅಧ್ಯಕ್ಷೆ ಆಗಲಿಲ್ಲ. ಸಲಹೆಗಾರ್ತಿಯಾಗಿ ಜೊತೆಗಿದ್ದರು. ಸಭೆಗಳಲ್ಲಿ ತೀರ್ಪು ಕೊಡುವುದಕ್ಕಿಂತ ಪ್ರಶ್ನೆ ಕೇಳುವುದೇ ಅವರ ಕ್ರಮ.

ಇದರ ಮುಂದಿನ ಭಾಗ ಅಷ್ಟಾಗಿ ಹೇಳುವವರಿಲ್ಲ. ನಮಗೆ ಬೇಕಾದದ್ದು ಅದೇ. ಅದೇ ವರ್ಷ ಬೇಸಿಗೆಯಲ್ಲಿ ಬಾಬ್ ಮೋಸಸ್ ಅನ್ನುವ ಯುವ ಶಿಕ್ಷಕ ಬಂದು ಈ ಸಮಿತಿಯ ಕೆಲಸಕ್ಕೆ ಸೇರಿಕೊಂಡ. ಬೇಕರ್ ತಮಗೆ ಪರಿಚಯ ಇದ್ದವರ ಹೆಸರುಗಳನ್ನು ಕೊಟ್ಟು ಅವನನ್ನು ದಕ್ಷಿಣಕ್ಕೆ ಕಳಿಸಿದರು. ಮಿಸಿಸಿಪ್ಪಿಯಲ್ಲಿ ಅವನು ಅಮ್ಜಿ ಮೂರ್ ಅವರನ್ನು ಕಂಡ. ಮೂರ್ ಆ ಸೀಮೆಯಲ್ಲಿ ವರ್ಷಗಟ್ಟಲೆ ಹೋರಾಡಿದವರು. ಕೌಂಟರಿನಲ್ಲಿ ಕೂರುವ ಹೋರಾಟ ಇಲ್ಲಿಗೆ ಮುಖ್ಯ ಅಲ್ಲ, ಇಲ್ಲಿಯ ಜನಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರುವುದು ಬೇಕು ಅಂತ ಅವರು ಮೋಸಸ್‌ಗೆ ಮನವರಿಕೆ ಮಾಡಿಕೊಟ್ಟರು. ಕೌಂಟರ್ ಹೋರಾಟ ಎಲ್ಲ ಕಡೆ ಸುದ್ದಿಯಾಗುತ್ತಿದ್ದ ಕಾಲ ಅದು. ಆದರೂ ಮೋಸಸ್ ಮೂರ್ ಮಾತು ಕೇಳಿದ. 1961ರಲ್ಲಿ ವಾಪಸ್ ಬಂದು ಮಿಸಿಸಿಪ್ಪಿಯಲ್ಲಿ ಮತದಾರರ ನೋಂದಣಿ ಕೆಲಸವನ್ನೇ ಶುರು ಮಾಡಿದ. ಸಮಿತಿಯ ಯುವಕರು ಊರಿನವರ ಮನೆಗಳಲ್ಲೇ ಉಳಿದು ಈ ಕೆಲಸ ಮಾಡಿದರು.

ನೋಡಿ, ಇಲ್ಲಿ ಎರಡು ಸಲ ನಿರ್ಧಾರ ಕೈ ಬದಲಾಯಿಸಿತು. ಬೇಕರ್ ಅದನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರು. ವಿದ್ಯಾರ್ಥಿಗಳ ಸಂಘಟನೆ ಅದನ್ನು ಊರಿನವರಿಗೆ ಬಿಟ್ಟುಕೊಟ್ಟಿತು. ತಮ್ಮ ಮಾತಿಗೆ ಬೆಲೆ ಸಿಕ್ಕ ಕಡೆ ಬೆಳೆದವರಿಗೆ ಇನ್ನೊಬ್ಬರ ಮಾತಿಗೆ ಬೆಲೆ ಕೊಡುವುದು ಸುಲಭ ಅಂತ ನಾನು ನಂಬುತ್ತೇನೆ. ಹೇಳಿದ್ದನ್ನು ಮಾಡಿ ಮಾತ್ರ ಗೊತ್ತಿರುವ ವಿದ್ಯಾರ್ಥಿ ಊರಿಗೆ ಹೋದಾಗ ಏನು ಮಾಡುತ್ತಾನೆ? ತನಗೆ ನಾವು ಹೇಳಿದ ಹಾಗೆಯೇ ಅವನೂ ಊರಿನವರಿಗೆ ಹೇಳಲು ಶುರು ಮಾಡುತ್ತಾನೆ.

ಹಾಗಾದರೆ ಏನನ್ನು ಬಿಟ್ಟುಕೊಡಬೇಕು? ಮೊದಲು ಹಣ. ಸಣ್ಣ ಮೊತ್ತ ಸಾಕು, ಆದರೆ ಎಲ್ಲಿ ಖರ್ಚು ಮಾಡಬೇಕು ಅನ್ನುವುದು ಅವರ ತೀರ್ಮಾನ ಆಗಿರಲಿ. ಲೆಕ್ಕ ಅವರೇ ಬರೆಯಲಿ, ಅದನ್ನು ನೋಟಿಸ್ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲಿ. ಎರಡನೆಯದು, ಒಂದು ಕಾರ್ಯಕ್ರಮ ಬೇಡ ಅನ್ನುವ ಹಕ್ಕು. ಇದು ಕೊಡಲು ಕಷ್ಟ, ನನಗೆ ಗೊತ್ತು. ವರ್ಷಾ ವರ್ಷ ನಡೆಯುವ ಒಂದು ದಿನಾಚರಣೆಯನ್ನು ವಿದ್ಯಾರ್ಥಿಗಳು "ಈ ಸಲ ಬೇಡ, ಆ ದಿನ ನಾವು ಬೇರೆ ಕೆಲಸ ಮಾಡುತ್ತೇವೆ" ಅಂದರೆ ನಾವು ಒಪ್ಪುತ್ತೇವಾ? ಒಪ್ಪದಿದ್ದರೆ ಉಳಿದ ಅಧಿಕಾರ ಕೊಟ್ಟೂ ಹೆಚ್ಚು ಉಪಯೋಗ ಇಲ್ಲ. ಮೂರನೆಯದು, ಕೆಲಸ ಕೆಡುವ ಅವಕಾಶ. ಜೀವಕ್ಕೆ, ಯಾರದ್ದೋ ಮರ್ಯಾದೆಗೆ, ದೊಡ್ಡ ಮೊತ್ತಕ್ಕೆ ಅಪಾಯ ಇರುವ ಕಡೆ ನಾವು ಕೈ ಹಾಕಲೇಬೇಕು. ಸಭೆಗೆ ಜನ ಬರಲಿಲ್ಲ, ಪೋಸ್ಟರ್ ತಡವಾಯಿತು ಅನ್ನುವಂಥ ಕಡೆ ಕೈ ಹಾಕಬಾರದು. ಜನ ಯಾಕೆ ಬರಲಿಲ್ಲ ಅಂತ ಅವರೇ ಕೂತು ಚರ್ಚೆ ಮಾಡಿದರೆ, ಮುಂದಿನ ಸಲ ಹೇಗೆ ಕರೆಯಬೇಕು ಅನ್ನುವುದು ಯಾವ ಕಾರ್ಯಾಗಾರದಲ್ಲೂ ಕಲಿಯಲಾಗದಷ್ಟು ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಯಾರನ್ನು ಆರಿಸಬೇಕು ಅನ್ನುವ ಪ್ರಶ್ನೆ. ನಮ್ಮ ಕಣ್ಣು ಸಹಜವಾಗಿ ಚೆನ್ನಾಗಿ ಮಾತಾಡುವವರ ಮೇಲೆ ಹೋಗುತ್ತದೆ. ಮೈಕ್ ಹಿಡಿಯಲು ಹೆದರದ ಹುಡುಗನೇ ತರಗತಿ ಪ್ರತಿನಿಧಿ, ಅವನೇ ಕಾರ್ಯದರ್ಶಿ, ಅವನೇ ಎಲ್ಲ ಶಿಬಿರದ ಮುಖಂಡ. ಮೂರು ವರ್ಷದಲ್ಲಿ ಐದಾರು ಮಂದಿಯೇ ಎಲ್ಲವನ್ನೂ ಮಾಡಿರುತ್ತಾರೆ, ಉಳಿದವರು ಚಪ್ಪಾಳೆ ತಟ್ಟಿರುತ್ತಾರೆ. ಆದರೆ ಒಂದು ಕೆಲಸ ನಡೆಯಬೇಕಾದರೆ ಬೇರೆ ಬೇರೆ ಗುಣದವರು ಬೇಕು. ಜಗಳ ಆದಾಗ ಇಬ್ಬರ ಹತ್ತಿರವೂ ಹೋಗಿ ಮಾತಾಡುವವಳು ಒಬ್ಬಳು ಇರುತ್ತಾಳೆ. ಬರೆದಿಟ್ಟುಕೊಳ್ಳುವವನು ಒಬ್ಬ ಇರುತ್ತಾನೆ, ಹೋದ ಸಲ ಏನು ತೀರ್ಮಾನ ಆಗಿತ್ತು ಅಂತ ಅವನನ್ನು ಕೇಳಿದರೆ ಗೊತ್ತಾಗುತ್ತದೆ. ಸಭೆಯಲ್ಲಿ ಸುಮ್ನೆ ಕೂತು, ಆಮೇಲೆ ಕಾರಿಡಾರಿನಲ್ಲಿ ಸರಿಯಾದ ಮಾತು ಹೇಳುವವರಿರುತ್ತಾರೆ. ಇವರೆಲ್ಲ ನಾಯಕರೇ. ಅದಕ್ಕೇ ಜವಾಬ್ದಾರಿಗಳನ್ನು ಸೆಮಿಸ್ಟರ್‌ಗೊಮ್ಮೆ ಬದಲಾಯಿಸಿ, ಜೋಡಿಯಾಗಿ ಕೊಡಿ. ಒಬ್ಬ ಹಿರಿಯ, ಒಬ್ಬ ಕಿರಿಯ. ಈ ಜೋಡಿಯ ಮಾತಿಗೆ ಇನ್ನೊಂದು ಕಾರಣಕ್ಕೆ ಮತ್ತೆ ಬರುತ್ತೇನೆ.

ಕಾಲೇಜಿನ ಗೇಟು ದಾಟೋಣ. ಹೊರಗೆ ಹೋಗಿ ಜನರ ಜೊತೆ ಕೆಲಸ ಮಾಡುವಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಇಲ್ಲೇ ಕೂತು ಯೋಜನೆ ಮಾಡುತ್ತೇವೆ, ಅಲ್ಲಿಗೆ ಹೋಗಿ ಜಾರಿ ಮಾಡುತ್ತೇವೆ, ಫೋಟೊ ತೆಗೆದು ವಾಪಸ್ ಬರುತ್ತೇವೆ. ಇವಾನ್ ಇಲಿಚ್ ಅನ್ನುವ ಚಿಂತಕರು 1968ರಲ್ಲಿ ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ, ಸೇವೆ ಮಾಡಲು ಬಂದಿದ್ದ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಮುಂದೆಯೇ ನಿಂತು ಬಹಳ ಕಟುವಾಗಿ ಮಾತಾಡಿದರು. ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ, ಇದು ಅವರ ಮಾತಿನ ತಿರುಳು. ಕಾರಣ ಏನು? ನೀವು ಸಹಾಯ ಮಾಡಲು ಹೋಗುವ ಬಡ ಜನ ನಿಮ್ಮನ್ನು ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಭಾಷೆ ಗೊತ್ತಿಲ್ಲದ, ಬದುಕು ಗೊತ್ತಿಲ್ಲದ ನಿಮಗೆ ನಿಮ್ಮ ಕೆಲಸ ಕೆಟ್ಟಿದೆ ಅಂತ ಕೂಡ ತಿಳಿಯುವುದಿಲ್ಲ.

ಅವರ ಕೊನೆಯ ತೀರ್ಮಾನವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೊರಗೆ ಹೋಗದೆ ಇದ್ದರೆ ವಿದ್ಯಾರ್ಥಿಗಳಿಗೆ ಬೇರೆಯವರ ಬದುಕು ಗೊತ್ತಾಗುವುದೇ ಇಲ್ಲ. ಆದರೆ "ಅವರಿಗೆ ಬೇಡ ಅನ್ನಲು ಆಗುತ್ತದಾ?" ಅನ್ನುವ ಪ್ರಶ್ನೆಯನ್ನು ಪ್ರತಿ ಯೋಜನೆಯ ಮೊದಲ ಪುಟದಲ್ಲಿ ಬರೆಯಬೇಕು. ನೀವು ಶುಕ್ರವಾರ ಮಧ್ಯಾಹ್ನ ನೂರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇವೆ ಅಂದಾಗ, ಅಲ್ಲಿಯ ಹೆಂಗಸರು "ಅವತ್ತು ನಮಗೆ ಕೆಲಸ ಇದೆ, ಬರಬೇಡಿ" ಅಂದದ್ದುಂಟಾ? ಒಂದು ಸಲವೂ ಯಾರೂ ಹಾಗೆ ಅಂದಿಲ್ಲ ಅಂದರೆ ನಾವು ಖುಷಿಪಡುವ ಮೊದಲು ಸ್ವಲ್ಪ ಯೋಚಿಸಬೇಕು, ಅಲ್ವಾ?

ಇನ್ನೊಂದು ವಿಷಯ. ಸಮೀಕ್ಷೆಗೆ ಹೋದಾಗ ನಾವು ಕೇಳುವ ಪ್ರಶ್ನೆಗಳೆಲ್ಲ ಏನಿಲ್ಲ ಅನ್ನುವುದರ ಸುತ್ತಲೇ ಇರುತ್ತವೆ. ನೀರಿಲ್ಲ, ದೀಪ ಇಲ್ಲ, ಓದು ಇಲ್ಲ. ಜಾನ್ ಕ್ರೆಟ್ಸ್‌ಮನ್ ಮತ್ತು ಜಾನ್ ಮೆಕ್‌ನೈಟ್ ಅನ್ನುವ ಇಬ್ಬರು 1993ರಲ್ಲಿ ಇದನ್ನು ತಿರುಗಿಸಿ ಹಾಕಿದರು. ಒಂದು ಬಡಾವಣೆಯಲ್ಲಿ ಯಾರಿಗೆ ಏನು ಕೆಲಸ ಗೊತ್ತು, ಯಾವ ಸಂಘಗಳಿವೆ, ಯಾವ ಜಾಗ ಖಾಲಿ ಇದೆ, ಯಾರ ಮಾತನ್ನು ಜನ ಕೇಳುತ್ತಾರೆ ಅಂತ ಮೊದಲು ಪಟ್ಟಿ ಮಾಡಿ, ಅಲ್ಲಿಂದ ಕೆಲಸ ಶುರು ಮಾಡಿ ಅಂದರು. ನಿಮ್ಮ ವಿದ್ಯಾರ್ಥಿಗಳಿಗೆ ಈ ಪಟ್ಟಿ ಮಾಡಲು ಹೇಳಿ ನೋಡಿ. ಪಾಪ ಅನ್ನುವ ಕಣ್ಣಿನಿಂದ ನೋಡುತ್ತಿದ್ದವರು "ಆ ಅಜ್ಜನಿಗೆ ಈ ಊರಿನ ಎಲ್ಲ ಬಾವಿಗಳ ಚರಿತ್ರೆ ಗೊತ್ತು ಸಾರ್" ಅಂತ ಬಂದು ಹೇಳತೊಡಗುತ್ತಾರೆ. ಅಲ್ಲಿಂದ ಮುಂದೆ ಸಂಬಂಧವೇ ಬೇರೆ ಥರ ಆಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಸಮಸ್ಯೆ ಇನ್ನೊಂದಿದೆ. ವಿದ್ಯಾರ್ಥಿಗಳು ಹೋಗಿಬಿಡುತ್ತಾರೆ. ಊರು ಅಲ್ಲೇ ಇರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ವಿದ್ಯಾರ್ಥಿಗಳು ಹತ್ತಿರದ ಬಡಾವಣೆಯಲ್ಲಿ ವಾರಕ್ಕೊಮ್ಮೆ ಕೂತು ಪಿಂಚಣಿ, ವಿದ್ಯಾರ್ಥಿವೇತನ ಇಂಥವುಗಳ ಅರ್ಜಿ ತುಂಬಿಕೊಡುತ್ತಾರೆ. ಚೆನ್ನಾಗಿ ನಡೆಯುತ್ತದೆ. ಯಾವ ಕಚೇರಿಯಲ್ಲಿ ಯಾವ ದಾಖಲೆ ಕೇಳುತ್ತಾರೆ, ಯಾರ ಅರ್ಜಿ ಎಲ್ಲಿ ನಿಂತಿದೆ ಅನ್ನುವುದೆಲ್ಲ ಒಬ್ಬ ವಿದ್ಯಾರ್ಥಿನಿಯ ತಲೆಯಲ್ಲಿ, ಅವಳ ಫೋನಿನಲ್ಲಿ ಇರುತ್ತದೆ. ಕೊನೆಯ ಪರೀಕ್ಷೆ ಮುಗಿಯುತ್ತದೆ, ಅವಳು ಹೊರಡುತ್ತಾಳೆ. ಮುಂದಿನ ವರ್ಷದವರು ಬರುತ್ತಾರೆ, ಅವರಿಗೆ ಇದು ಗೊತ್ತಿಲ್ಲ, ಅವರು ಹೊಸದೇನೋ ಶುರು ಮಾಡುತ್ತಾರೆ. ಅರ್ಧ ದಾರಿಯಲ್ಲಿ ನಿಂತ ಅರ್ಜಿಗಳು ಅಲ್ಲೇ ಉಳಿಯುತ್ತವೆ. ಯಾರದ್ದೂ ಕೆಟ್ಟ ಉದ್ದೇಶ ಇಲ್ಲ. ಆದರೆ ಆ ಬಡಾವಣೆಯವರಿಗೆ ಕಾಲೇಜಿನ ಹುಡುಗರ ಮೇಲಿನ ನಂಬಿಕೆ ಹೋಗುತ್ತದೆ. ಹೋದ ನಂಬಿಕೆಯನ್ನು ವಾಪಸ್ ತರುವುದು ಮೊದಲ ಸಲ ಗಳಿಸುವುದಕ್ಕಿಂತ ಕಷ್ಟ.

1884ರಲ್ಲಿ ಸ್ಯಾಮ್ಯುಯೆಲ್ ಮತ್ತು ಹೆನ್ರಿಯೆಟ್ಟಾ ಬಾರ್ನೆಟ್ ದಂಪತಿ ಲಂಡನ್ನಿನ ಬಡ ಪ್ರದೇಶ ವೈಟ್‌ಚಾಪೆಲ್‌ನಲ್ಲಿ ಟಾಯ್ನ್‌ಬಿ ಹಾಲ್ ಶುರು ಮಾಡಿದರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಲ್ಲಿ ಓದಿದ ಯುವಕರು ಬಡವರ ನೆರೆಯಲ್ಲೇ ವಾಸ ಮಾಡಬೇಕು ಅನ್ನುವುದು ಅವರ ವಿಚಾರ. ಬಂದು ಹೋಗುವ ಸೇವೆ ಅವರಿಗೆ ಬೇಕಿರಲಿಲ್ಲ. ವಿಲಿಯಂ ಬೆವರಿಜ್ ಅಲ್ಲಿ ಕೆಲಸ ಮಾಡಿದರು, ಕ್ಲೆಮೆಂಟ್ ಅಟ್ಲಿ ಕೂಡ. ಮುಂದೆ ಬೆವರಿಜ್ 1942ರಲ್ಲಿ ಬ್ರಿಟನ್ನಿನ ಸಾಮಾಜಿಕ ಭದ್ರತೆಯ ಪ್ರಸಿದ್ಧ ವರದಿ ಬರೆದರು. ಅಟ್ಲಿ 1945ರಲ್ಲಿ ಪ್ರಧಾನಿಯಾದರು, ಅವರ ಸರ್ಕಾರ ಆ ದಾರಿಯಲ್ಲಿ ಕಾನೂನುಗಳನ್ನು ತಂದಿತು. ಇದನ್ನು ನೋಡಿ ಬಂದ ಜೇನ್ ಆಡಮ್ಸ್ 1889ರಲ್ಲಿ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಶಿಕಾಗೊದಲ್ಲಿ ಹಲ್ ಹೌಸ್ ಅನ್ನುವ ಇಂಥದ್ದೇ ಮನೆ ಶುರು ಮಾಡಿದರು. ನಾನು ಇಲ್ಲಿ ದೊಡ್ಡ ಹೆಸರುಗಳಿಗಿಂತ ಇನ್ನೊಂದನ್ನು ನೋಡಿ ಅನ್ನುತ್ತೇನೆ. ಟಾಯ್ನ್‌ಬಿ ಹಾಲಿನಲ್ಲಿ ಯುವಕರು ಬರುತ್ತಿದ್ದರು, ಹೋಗುತ್ತಿದ್ದರು, ಆ ಮನೆ ಮಾತ್ರ ಅಲ್ಲೇ ಇತ್ತು. ಇವತ್ತಿಗೂ ಕೆಲಸ ಮಾಡುತ್ತಿದೆ. ಜನಕ್ಕೆ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಿತ್ತು.

ನಾವು ಮನೆ ಕಟ್ಟುವುದು ಆಗದಿರಬಹುದು. ಆದರೆ ಒಂದೇ ಬಡಾವಣೆಯನ್ನು ಹತ್ತು ವರ್ಷ ಹಿಡಿದುಕೊಳ್ಳಬಹುದು. ವರ್ಷಕ್ಕೊಂದು ಊರು ಆರಿಸುವುದನ್ನು ಬಿಡಬಹುದು. ಹೊರಡುವವರು ಪರೀಕ್ಷೆಗೆ ಮೊದಲೇ, ಬರುವ ತಂಡವನ್ನು ಕರೆದುಕೊಂಡು ಮನೆ ಮನೆಗೆ ಹೋಗಿ "ಇನ್ನು ಮುಂದೆ ಇವರು ಬರುತ್ತಾರೆ" ಅಂತ ಪರಿಚಯ ಮಾಡಿಸಲಿ. ಫೈಲಿನಲ್ಲಿ ಬಾಕಿ ಉಳಿದ ಕೆಲಸಗಳ ಪಟ್ಟಿ ಇರಲಿ, ಪ್ರತಿಯೊಂದರ ಮುಂದೆ ಈಗ ಅದು ಯಾರ ಜವಾಬ್ದಾರಿ ಅಂತ ಬರೆದಿರಲಿ. ಹಿರಿಯ, ಕಿರಿಯ ಜೋಡಿ ಬೇಕು ಅಂದದ್ದು ಇದಕ್ಕೇ. ಇಲ್ಲಿ ಅಧ್ಯಾಪಕರ ಪಾತ್ರವೂ ಸ್ಪಷ್ಟ ಆಗುತ್ತದೆ. ಕಾಲೇಜಿನಲ್ಲಿ ಹತ್ತಾರು ವರ್ಷ ಇರುವವರು ನಾವು. ನಿರ್ಧಾರ ಅವರದ್ದಿರಲಿ, ನೆನಪು ನಮ್ಮದಿರಲಿ.

ಕೆಲಸ ಮುಗಿದ ಮೇಲೆ ಕೂತು ಮಾತಾಡುವ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಅನುಭವ ಆಗಬೇಕು, ಅದರ ಬಗ್ಗೆ ಯೋಚನೆ ಮಾಡಬೇಕು, ಒಂದು ತಿಳಿವಳಿಕೆಗೆ ಬರಬೇಕು, ಅದನ್ನು ಮತ್ತೆ ಪ್ರಯೋಗ ಮಾಡಿ ನೋಡಬೇಕು ಅಂತ ಡೇವಿಡ್ ಕೋಲ್ಬ್ 1984ರಲ್ಲಿ ಒಂದು ಚಕ್ರ ಹೇಳಿದರು. ನಾವು ಮೊದಲನೆಯದು ಮಾಡಿಸಿ ಬಸ್ ಹತ್ತಿಸಿಬಿಡುತ್ತೇವೆ. ಬಸ್ಸಿನಲ್ಲೇ ಆದರೂ ಅರ್ಧ ಗಂಟೆ ಕೇಳಿ. ಇವತ್ತು ನಿಮಗೆ ಮುಜುಗರ ಆದದ್ದು ಯಾವಾಗ? ಯಾರ ಜೊತೆ ಮಾತಾಡಲು ಆಗಲಿಲ್ಲ, ಯಾಕೆ? ಈ ತೊಂದರೆ ಇಲ್ಲಿ ಯಾಕಿದೆ, ಪಕ್ಕದ ರಸ್ತೆಯಲ್ಲಿ ಯಾಕಿಲ್ಲ? ಕೊನೆಯ ಪ್ರಶ್ನೆಯಿಂದ ಅವರು ನಿಮ್ಮ ಪಠ್ಯಕ್ಕೆ ತಾವಾಗಿಯೇ ವಾಪಸ್ ಬರುತ್ತಾರೆ.

ಕೊನೆಗೆ ಸಭೆಯಲ್ಲಿ ಎರಡು ಪ್ರಶ್ನೆ ಬಂದವು.

ಇದಕ್ಕೆಲ್ಲ ಮಾರ್ಕ್ಸ್ ಕೊಡಬೇಕಾ ಅಂತ ಒಬ್ಬರು ಕೇಳಿದಿರಿ. ರಾಷ್ಟ್ರೀಯ ಸೇವಾ ಯೋಜನೆ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಅದರಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಒಟ್ಟು 240 ಗಂಟೆ ಕೆಲಸ ಮಾಡಬೇಕು. ಗಂಟೆಯ ಲೆಕ್ಕ ಬೇಕು, ಇಲ್ಲದಿದ್ದರೆ ಕೆಲಸಕ್ಕೆ ಕಾಲೇಜಿನ ವೇಳಾಪಟ್ಟಿಯಲ್ಲಿ ಜಾಗವೇ ಸಿಗುವುದಿಲ್ಲ. ಆದರೆ ಅಂಕ ಕೊಡುವುದಾದರೆ ಗಂಟೆಗೆ ಕೊಡಬೇಡಿ, ಕಲಿತದ್ದಕ್ಕೆ ಕೊಡಿ. ಏನು ನೋಡಿದೆ, ಏನು ತೀರ್ಮಾನ ತೆಗೆದುಕೊಂಡೆ, ಅದು ಯಾಕೆ ಸರಿಯಾಯಿತು ಅಥವಾ ಕೆಟ್ಟಿತು ಅಂತ ವಿದ್ಯಾರ್ಥಿ ಬರೆಯಲಿ. ಸಾಧ್ಯವಾದರೆ ಊರಿನವರಲ್ಲಿ ಒಬ್ಬರ ಅಭಿಪ್ರಾಯವನ್ನೂ ಕೇಳಿ, ವಿದ್ಯಾರ್ಥಿಗಳಿಲ್ಲದ ಹೊತ್ತಿನಲ್ಲಿ ಹೋಗಿ ಕೇಳಿ.

ನಮ್ಮ ಕಾಲೇಜಿನಲ್ಲಿ ಇದ್ಯಾವುದೂ ಇಲ್ಲ, ಎಲ್ಲಿಂದ ಶುರು ಮಾಡಲಿ ಅನ್ನುವುದು ಇನ್ನೊಂದು ಪ್ರಶ್ನೆ. ಈ ಸೆಮಿಸ್ಟರಿನಲ್ಲಿ ಒಂದೇ ಒಂದು ಕೆಲಸ ಆರಿಸಿ. ಆರಿಸುವುದನ್ನೂ ವಿದ್ಯಾರ್ಥಿಗಳಿಗೇ ಬಿಡಿ, ಆದರೆ ಆರಿಸುವ ಮೊದಲು ಅವರು ಕನಿಷ್ಠ ಹತ್ತು ಮನೆಗೆ ಹೋಗಿ ಮಾತಾಡಿರಬೇಕು ಅನ್ನುವ ಒಂದೇ ಷರತ್ತು ಹಾಕಿ. ಖರ್ಚಿಗೆ ಒಂದು ಮಿತಿ ಹೇಳಿ ಬಿಟ್ಟುಬಿಡಿ. ಪ್ರಿನ್ಸಿಪಾಲರ ಹತ್ತಿರ ನೀವೇ ಮೊದಲು ಹೋಗಿ ಇದು ಹೀಗೆ ನಡೆಯುತ್ತದೆ ಅಂತ ಹೇಳಿ ಒಪ್ಪಿಸಿ, ಆ ಭಾರ ವಿದ್ಯಾರ್ಥಿಗಳ ಮೇಲೆ ಹಾಕಬೇಡಿ. ಲೆಕ್ಕಪತ್ರವನ್ನು ಮಾತ್ರ ಕೆಲಸ ಮುಗಿದ ವಾರವೇ ಅವರ ಜೊತೆ ಕೂತು ನೋಡಿ. ತಿಂಗಳು ಬಿಟ್ಟರೆ ಬಿಲ್ಲುಗಳು ಸಿಗುವುದಿಲ್ಲ.